ನಾಯಿಯ ಚಿಗಟ, ಹೊಲದ ಡಬ್ಬಿ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಇನ್ನೂ ಚಹಾ ಕುಡಿದಿರಲಿಲ್ಲ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ಈಗ ಅವನು ಐದು ಎಕರೆ ಕಬ್ಬು ಬೆಳೆಯುವ ಗೃಹಸ್ಥ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ತುಸು ಸಂಕೋಚದಿಂದ ಕೇಳಿದ: "ಸರ್, ನಮ್ಮ ನಾಯಿಗೆ ಚಿಗಟ ಬಾಳ ಆಗ್ಯಾವ್ರೀ. ಅಂಗಡ್ಯಾಂವ ಹೇಳಿದ ಔಷಧದಾಗ ಇರೋ ಹೆಸರು, ನಾ ಕಬ್ಬಿಗೆ ತಂದ ಡಬ್ಬಿ ಮ್ಯಾಲೂ ಐತ್ರಿ. ಎರಡೂ ಒಂದs ಅಂದ್ರ ಅದನ್ನs ಒಂದು ಮುಚ್ಚಳ ನೀರಾಗ ಕಲಸಿ ಹಾಕ್ಲೇನ್ರಿ?"

ನಾನು ಪಶುವೈದ್ಯನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ಆದರೂ ಆ ಪ್ರಶ್ನೆ ಕಿವಿಗೆ ಬಿದ್ದೊಡನೆ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು, "ಹಾಕಬ್ಯಾಡ, ಡಬ್ಬಿ ಮುಚ್ಚಿ ಇಡು" ಎಂದು ಜೋರಾಗಿಯೇ ಹೇಳಿದೆ. ನನ್ನ ದನಿಗೆ ಅವನು ಗಾಬರಿಯಾಗಿರಬೇಕು. ತರಗತಿಯಲ್ಲಿ ಕೂಡ ನಾನು ಅಷ್ಟು ಜೋರಾಗಿ ಮಾತನಾಡಿದವನಲ್ಲ. ಅದರ ಕಾರಣವನ್ನು ಆ ದಿನ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಆದರೆ ಇತಿಹಾಸದ ಮಾಸ್ತರನಾದ್ದರಿಂದ ಹಿಂದಿನಿಂದಲೇ ಬರಬೇಕಾಗುತ್ತದೆ, ಸಹಿಸಿಕೊಳ್ಳಿರಿ.

ಕನ್ನಡ ನಾಡಿನಲ್ಲಿ ನಾಯಿಗೆ ದೊರೆತ ಗೌರವ ಸಣ್ಣದಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಕಾಲದ ಒಂದು ವೀರಗಲ್ಲು ದೊರೆತಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಇಮ್ಮಡಿ ಬೂತುಗನು "ಬೇಕಾದುದನ್ನು ಕೇಳು" ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು, ತಾನೂ ಸತ್ತಿತು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಗೊರವನು ಉಣ್ಣಬಾರದೆಂದು ವಿಧಿಸಿದರು. ಹಂದಿ ಮತ್ತು ನಾಯಿ ಎದುರುಬದುರಾದ ಆ ಶಿಲ್ಪವನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ನಮ್ಮ ಕಲ್ಲೋಳಿಯಲ್ಲಿಯೂ ರಟ್ಟ ನಾಲ್ಕನೆಯ ಕಾರ್ತವೀರ್ಯನ ಕಾಲದ ಜೈನ ಶಾಸನವಿದೆ. ಅದರಲ್ಲಿ ನಾಯಿಯ ಮಾತಿಲ್ಲ, ಬಸದಿಯ ಮಾತಿದೆ. ಕಾಳಿಯ ಮೈಯ ಚಿಗಟವನ್ನು ಮಣಲೆರನ ಮನೆಯವರು ಹೇಗೆ ತೆಗೆಯುತ್ತಿದ್ದರೋ, ಅದನ್ನಂತೂ ಯಾವ ಶಾಸನವೂ ಹೇಳುವುದಿಲ್ಲ. ಇತಿಹಾಸ ಹಂದಿಯನ್ನು ಕೊಂದದ್ದನ್ನು ಬರೆದಿಡುತ್ತದೆ, ಚಿಗಟ ಕೊಂದದ್ದನ್ನಲ್ಲ.

ನಮಗೆ ಹತ್ತಿರದ್ದೆಂದರೆ ಮುಧೋಳ. ನಮ್ಮೂರಿನಿಂದ ಪೂರ್ವಕ್ಕೆ ಹೆಚ್ಚು ದೂರವೇನಿಲ್ಲ. ಅಲ್ಲಿಯ ಸಂಸ್ಥಾನಿಕರಾದ ಮಾಲೋಜಿರಾವ್ ಘೋರ್ಪಡೆಯವರು ಉದ್ದ ಕಾಲಿನ, ಸೊಂಟ ಸಣ್ಣಗಿನ ಬೇಟೆನಾಯಿಗಳ ತಳಿಯನ್ನು ಕಾಪಾಡಿ ಹೆಸರಿಗೆ ತಂದರು. 2005ರ ಜನವರಿಯಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಅವುಗಳಲ್ಲೊಂದು ಮುಧೋಳದ್ದು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. 2016ರಲ್ಲಿ ಅಲ್ಲಿಯ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್‌ಗೆ ಹೋದವು. ನಮ್ಮ ಭಾಗದಲ್ಲಿ ಹೊಲದ ಮನೆ ಇದ್ದವರು, ಕುರಿ ಕಾಯುವವರು ಇಂಥ ನಾಯಿಯನ್ನೋ ಅದರ ಬೆರಕೆಯನ್ನೋ ಸಾಕುವುದು ಹಳೆಯ ರೂಢಿ. ನಮ್ಮ ಮನೆಯಲ್ಲಿಯೂ ಒಂದಿತ್ತು. ಅದರ ಮಾತು ಮುಂದೆ ಬರುತ್ತದೆ.

ಚಿಗಟದ ಬಗ್ಗೆ ನನಗೆ ಮೊದಲು ತಿಳಿಸಿದವರು ನಮ್ಮ ಆಯಿ, ಅಂದರೆ ತಂದೆಯ ತಾಯಿ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಪ್ಲೇಗಿನ ಕಾಲವನ್ನು ಕಂಡಿದ್ದರು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲಿನ ಹಿಂದೆಯೇ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೆ ಬಂತು. ಆ ಬಳಿಕ ಹಲವು ದಶಕ ಅದು ಹೋಗುತ್ತ ಬರುತ್ತ ಇತ್ತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಫ್‌ಕಿನ್ ಅವರ ಲಸಿಕೆ ಹಾಕಿದ್ದು ವೈದ್ಯಕೀಯ ಚರಿತ್ರೆಯಲ್ಲಿ ದಾಖಲಾಗಿದೆ. ಹತ್ತನೆಯ ತರಗತಿಗೆ ನಾನು ಪಾಠ ಮಾಡುವಾಗ, ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡನನ್ನು ಚಾಪೇಕರ ಸಹೋದರರು 1897ರ ಜೂನ್ 22ರಂದು ಗುಂಡಿಕ್ಕಿದ್ದು, ಆ ಬಳಿಕ ತಿಲಕರಿಗೆ ಸೆರೆಮನೆಯಾದದ್ದು, ಇವೆಲ್ಲವನ್ನೂ ಇಸವಿಯೊಂದಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ ಆ ಇಸವಿಗಾಗಿ ಬೆತ್ತದ ಏಟೂ ನೆನಪಿರಬಹುದು. ಆದರೆ ಆ ಎಲ್ಲ ಗದ್ದಲದ ಬುಡದಲ್ಲಿ ಎಳ್ಳಿಗಿಂತ ಚಿಕ್ಕದಾದ ಒಂದು ಹುಳವಿತ್ತೆಂಬುದನ್ನು ನಾನು ಒಮ್ಮೆಯೂ ಹೇಳಲಿಲ್ಲ. ಪಠ್ಯದಲ್ಲಿರಲಿಲ್ಲ, ಅದಕ್ಕೇ ಹೇಳಲಿಲ್ಲ.

ಆ ಹುಳವನ್ನು ಹಿಡಿದುಕೊಟ್ಟವನು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ. 1898ರ ಜೂನ್ ತಿಂಗಳಿನಲ್ಲಿ ಕರಾಚಿಯ ಒಂದು ಹೋಟೆಲಿನ ಕೋಣೆಯಲ್ಲಿ ಅವನು ಗಾಜಿನ ಜಾಡಿಯೊಳಗೆ ಪ್ಲೇಗು ತಗುಲಿದ ಇಲಿಯನ್ನಿಟ್ಟ. ಅದರ ಮೈಯ ಚಿಗಟಗಳು ಸಾಲವೆಂದು ಬೆಕ್ಕಿನ ಮೈಯಿಂದ ಇನ್ನಷ್ಟು ಆಯ್ದು ಜಾಡಿಗೆ ಬಿಟ್ಟನಂತೆ. ಬಳಿಕ ಆರೋಗ್ಯವಂತ ಇಲಿಯೊಂದನ್ನು ಸಣ್ಣ ಜಾಲರಿಯ ಪಂಜರದಲ್ಲಿಟ್ಟು ಅದೇ ಜಾಡಿಯಲ್ಲಿ ತೂಗಿಬಿಟ್ಟ. ಎರಡು ಇಲಿಗಳು ಒಂದನ್ನೊಂದು ಮುಟ್ಟುವಂತಿರಲಿಲ್ಲ. ಆದರೆ ಚಿಗಟ ಜಿಗಿಯಬಹುದಿತ್ತು. ಕೆಲವೇ ದಿನಗಳಲ್ಲಿ ಪಂಜರದ ಇಲಿಯೂ ಪ್ಲೇಗಿನಿಂದ ಸತ್ತಿತು. ವಿದ್ವಾಂಸರು ಅವನನ್ನು ನಂಬಲಿಲ್ಲ. ಮುಂಬಯಿಯಲ್ಲಿ ನಡೆದ ಮುಂದಿನ ಸಂಶೋಧನೆಗಳು ಅವನ ಮಾತನ್ನು ಸ್ಥಿರಪಡಿಸುವ ಹೊತ್ತಿಗೆ ಹಲವು ವರ್ಷಗಳೇ ಉರುಳಿದ್ದವು. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ: ಪ್ಲೇಗು ಹರಡಿದ ಮುಖ್ಯ ಅಪರಾಧಿ ಇಲಿಯ ಚಿಗಟ. ನಿಮ್ಮ ನಾಯಿಯ ಮೇಲಿರುವುದು ಬೇರೆ ಜಾತಿಯದು. ನಾಯಿಗೆ ಚಿಗಟವಾದರೆ ಪ್ಲೇಗು ಬರುತ್ತದೆಂದು ಯಾರೂ ಗಾಬರಿಯಾಗಬೇಕಿಲ್ಲ.

ಆಯಿಗೆ ಸಿಮೊಂಡನ ಹೆಸರು ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಇಷ್ಟು: ಮನೆಯಲ್ಲಿ ಇಲಿ ಬಿದ್ದರೆ ಮನೆ ಬಿಡಬೇಕು. ಊರಿಗೆ ಊರೇ ಹೊಲದಲ್ಲಿ ಕಣಿಕೆಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತು. ಅವರು ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಪ್ರಸಂಗವಿದೆ. ಮೂರು ತಿಂಗಳು ಬೀಗ ಹಾಕಿದ ಮನೆಯನ್ನು ತೆರೆದು ಒಳಗೆ ಹೆಜ್ಜೆಯಿಟ್ಟೊಡನೆ, ಮೊಣಕಾಲಿನವರೆಗೆ ಎಳ್ಳು ಮೆತ್ತಿದ ಹಾಗೆ ಚಿಗಟ ಹತ್ತಿದವಂತೆ. "ಮನ್ಯಾಗ ಮಂದಿಲ್ಲ, ನಾಯಿಲ್ಲ, ಬೆಕ್ಕಿಲ್ಲ. ಮೂರು ತಿಂಗಳ ಅವು ಏನು ತಿಂದು ಬದುಕಿದ್ವೋ ಏನೋ!" ಎಂದು ಪ್ರತಿ ಸಲವೂ ಅಚ್ಚರಿಪಡುತ್ತಿದ್ದರು.

ಈ ಅಚ್ಚರಿಗೆ ಉತ್ತರ ನನಗೆ ಸಿಕ್ಕಿದ್ದು ನಿವೃತ್ತಿಯ ನಂತರ ಓದಿದಾಗ. ಅವು ಏನನ್ನೂ ತಿಂದಿರಲಿಲ್ಲ. ಹೆಣ್ಣು ಚಿಗಟ ನಾಯಿಯ ಮೈಮೇಲೆ ಕುಳಿತು ರಕ್ತ ಕುಡಿದು ದಿನಕ್ಕೆ ಇಪ್ಪತ್ತರಿಂದ ಐವತ್ತು ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳು ಕೂದಲಿಗೆ ಅಂಟಿಕೊಳ್ಳದೆ ನೆಲಕ್ಕೆ ಉದುರುತ್ತವೆ. ನೆಲದ ಧೂಳಿನಲ್ಲಿ, ಬಿರುಕಿನಲ್ಲಿ, ಗೋಣಿಚೀಲದ ಮಡಿಕೆಯಲ್ಲಿ ಮರಿಹುಳವಾಗಿ, ದೊಡ್ಡ ಚಿಗಟದ ಹಿಕ್ಕೆಯಲ್ಲಿರುವ ಒಣರಕ್ತವನ್ನೇ ತಿಂದು, ರೇಷ್ಮೆಹುಳದಂತೆ ಗೂಡು ಕಟ್ಟಿಕೊಂಡು ಒಳಗೆ ಮಲಗುತ್ತವೆ. ಗೂಡಿನೊಳಗಿನ ಚಿಗಟ ವಾರಗಟ್ಟಲೆ, ಅನುಕೂಲವಿದ್ದರೆ ತಿಂಗಳುಗಟ್ಟಲೆ ಕಾಯಬಲ್ಲದು. ಮೇಲೆ ಹೆಜ್ಜೆಯ ಸಪ್ಪಳವಾದರೆ, ಬಿಸಿಯುಸಿರು ಸೋಕಿದರೆ, ಕ್ಷಣದಲ್ಲಿ ಹೊರಬಂದು ಜಿಗಿಯುತ್ತದೆ. ಆಯಿ ಬೀಗ ತೆಗೆದು ಒಳಗಿಟ್ಟ ಮೊದಲ ಹೆಜ್ಜೆಯೇ ಅವುಗಳಿಗೆ ಕರೆಗಂಟೆಯಾಗಿತ್ತು. ಒಂದು ಮನೆಯಲ್ಲಿ ಒಟ್ಟು ಇರುವ ಚಿಗಟದ ಸಂತಾನದಲ್ಲಿ ನೂರಕ್ಕೆ ಐದರಷ್ಟು ಮಾತ್ರ ನಾಯಿಯ ಮೇಲಿದ್ದು, ಉಳಿದದ್ದೆಲ್ಲ ನೆಲದಲ್ಲಿಯೇ ಇರುತ್ತದೆಂದು ಪಶುವೈದ್ಯರು ಲೆಕ್ಕ ಹೇಳುತ್ತಾರೆ. ನಮ್ಮ ಹಿರಿಯರು ಮನೆಯ ಹಂಚು ತೆಗೆದು ಬಿಸಿಲು ಬೀಳಿಸಿದ್ದು, ನೆಲ ಕೆತ್ತಿ ಹೊಸ ಮಣ್ಣು ಬಡಿದದ್ದು, ಹೊದಿಕೆಗಳನ್ನು ಕಾದ ನೀರಿನಲ್ಲಿ ಕುದಿಸಿದ್ದು, ಶಾಸ್ತ್ರ ತಿಳಿಯದೆ ಮಾಡಿದ ಕೆಲಸವಾದರೂ ಗುರಿ ತಪ್ಪಿರಲಿಲ್ಲ. ಅವರು ಪ್ರಾಣಿಯನ್ನಲ್ಲ, ಮನೆಯನ್ನು ಹಿಡಿದರು.

ಪ್ರಾಣಿಯ ಮೈಗಾದರೆ ಆಗ ಇದ್ದ ಮದ್ದುಗಳು ಅಡಿಗೆಮನೆ, ಹಿತ್ತಲುಗಳವೇ. ಬೇವಿನ ಎಲೆ ಕುದಿಸಿದ ನೀರು, ಒಲೆಯ ಬೂದಿ, ಸೀತಾಫಲದ ಬೀಜದ ಪುಡಿ. ಬೇವಿನ ನೀರಿನಿಂದ ಕಡಿತದ ತುರಿಕೆ ತುಸು ಇಳಿಯಬಹುದು, ಬಹಳ ಚಿಗಟವೇನೂ ಸಾಯದು. ಸೀತಾಫಲದ ಬೀಜ ಹುಳ ಕೊಲ್ಲುವುದು ನಿಜ, ಆದರೆ ಕಣ್ಣಿಗೆ ಬಿದ್ದರೆ ಕಣ್ಣೇ ಕೆಡುತ್ತದೆ. ಹುಕ್ಕೇರಿಯ ಕಡೆಯವರಿಗೆ ನಿಪ್ಪಾಣಿ ಹತ್ತಿರ. ಬೀಡಿ ತಂಬಾಕಿನ ಪೇಟೆ ಅದು. ಆದ್ದರಿಂದ ಅವರಲ್ಲಿ ತಂಬಾಕು ನೆನೆಸಿದ ನೀರನ್ನು ದನಕ್ಕೂ ನಾಯಿಗೂ ಸುರಿಯುವ ರೂಢಿಯಿತ್ತು. ತಂಬಾಕಿನ ನಿಕೋಟಿನ್ ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುವ ವಿಷ. ದೊಡ್ಡ ಎತ್ತು ತಡೆದುಕೊಂಡದ್ದನ್ನು ನಾಯಿಮರಿ ತಡೆಯಲಾರದು. ಇನ್ನು ಚಿಮಣಿ ಎಣ್ಣೆ ಸವರುವವರೂ ಇದ್ದರು. ಅದು ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಶ್ವಾಸಕ್ಕೂ ಕೇಡು. ಹಳೆಯದೆಲ್ಲ ನಿರಪಾಯ ಎನ್ನುವ ಮಾತನ್ನು ಈಚೆಗೆ ಬಹಳ ಕೇಳುತ್ತೇನೆ, ನನಗದು ಒಪ್ಪಿಗೆಯಿಲ್ಲ.

ಆಮೇಲೆ ಬಂದದ್ದು ಡಿ.ಡಿ.ಟಿ. 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಅದರ ಕೀಟನಾಶಕ ಗುಣವನ್ನು ಕಂಡುಹಿಡಿದ. 1948ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಜನರ ಅಂಗಿಯೊಳಗೆ ಡಿ.ಡಿ.ಟಿ. ಪುಡಿ ಊದಿ, ಹೇನಿನಿಂದ ಹರಡುವ ಜ್ವರವನ್ನು ತಡೆದರು. ನಮ್ಮ ಪಕ್ಕದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ 1940ರ ದಶಕದ ಮಧ್ಯಭಾಗದಲ್ಲಿಯೇ ಡಾ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ ಮಲೇರಿಯಾ ನಿಯಂತ್ರಣಕ್ಕಾಗಿ ಮನೆಗಳಿಗೆ ಡಿ.ಡಿ.ಟಿ. ಸಿಂಪಡಿಸಲಾಯಿತು. ಭಾರತದಲ್ಲಿ ಇಂಥ ಕೆಲಸ ಮೊದಲು ನಡೆದ ಪ್ರದೇಶಗಳಲ್ಲಿ ನಮ್ಮ ನೆಲವೂ ಒಂದೆಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಆರಂಭವಾಯಿತು. ನನ್ನ ಬಾಲ್ಯದಲ್ಲಿ, ಅಂದರೆ 1960ರ ದಶಕದಲ್ಲಿ, ಖಾಕಿ ಅಂಗಿಯವರು ಪಂಪು ಹೊತ್ತು ಬರುತ್ತಿದ್ದುದು, ಗೋಡೆಗಳು ಬಿಳಿಚಿಕೊಳ್ಳುತ್ತಿದ್ದುದು, ಬಾಗಿಲ ಪಕ್ಕದಲ್ಲಿ ತಾರೀಖು ಬರೆದು ಹೋಗುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಮಲೇರಿಯಾ ಇಳಿಯಿತು. ಮನೆಯ ಚಿಗಟಗಳೂ ಮೊದಮೊದಲು ಸತ್ತವು. ಇಲಿಚಿಗಟ ಕಡಿಮೆಯಾಗಿ ಪ್ಲೇಗು ಇಳಿಮುಖವಾಗಲು ಇದೂ ಒಂದು ಕಾರಣವೆನ್ನುತ್ತಾರೆ. ಆದರೆ ಸ್ವಲ್ಪ ವರ್ಷಗಳಲ್ಲಿ ಸೊಳ್ಳೆ, ತಗಣಿ, ಚಿಗಟ ಎಲ್ಲವೂ ಡಿ.ಡಿ.ಟಿ.ಗೆ ಬಗ್ಗದಂತಾದವು. ನಮ್ಮ ಓಣಿಯಲ್ಲಿ ಪುಡಿ ಹೊಡೆದು ಹೋದ ವಾರದಲ್ಲಿ ಎರಡು ಬೆಕ್ಕು ನಡುಗುತ್ತ ಸತ್ತದ್ದು ನೆನಪಿದೆ. ಬೆಕ್ಕು ಮೈಯನ್ನೆಲ್ಲ ನೆಕ್ಕಿ ಶುಚಿ ಮಾಡಿಕೊಳ್ಳುವ ಪ್ರಾಣಿ, ಅದರ ಮೈಗೆ ಹತ್ತಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ಆಗ ಯಾರೂ ಎರಡನ್ನೂ ಕೂಡಿಸಿ ನೋಡಲಿಲ್ಲ.

ಸರ್ಕಾರದ ಪುಡಿ ಗೋಡೆಗೆ ಬಂದರೆ, ರೈತನ ಪುಡಿ ಗೋದಾಮಿಗೆ ಬಂತು. ಅದೇ ಬಿ.ಎಚ್.ಸಿ., ಗ್ಯಾಮೆಕ್ಸಿನ್ ಎಂಬ ಹೆಸರಿನಲ್ಲಿಯೂ ಪ್ರಸಿದ್ಧ. ಮುಗ್ಗಲು ವಾಸನೆಯ, ಬೂದುಬಣ್ಣದ ಪುಡಿ. ಜೋಳಕ್ಕೆ, ಶೇಂಗಾಕ್ಕೆ, ಹೊಲದ ಮಿಡತೆಗೆ, ಮನೆಯ ಗೆದ್ದಲಿಗೆ, ಎಲ್ಲದಕ್ಕೂ ಅದೇ. ತೂತು ಮಾಡಿದ ಹಾಲಿನಪುಡಿಯ ಡಬ್ಬಿಯೋ ಹಳೆಯ ಕಾಲುಚೀಲವೋ ಇದ್ದರೆ ಸಾಕು, ಉದುರಿಸುವ ಯಂತ್ರವಾಯಿತು. 1958ರಲ್ಲಿ ಕೇರಳದಲ್ಲಿ ಕೀಟನಾಶಕ ಬೆರೆತ ಗೋಧಿ ಹಿಟ್ಟಿನಿಂದ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ 1968ರಲ್ಲಿ ಕೀಟನಾಶಕಗಳ ಕಾಯದೆ ಬಂತು. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಹಾಕಿ ವಿಷದ ತೀವ್ರತೆಯನ್ನು ತೋರಿಸುವ ಪದ್ಧತಿ ಆ ಕಾಯದೆಯ ನಿಯಮಗಳಿಂದ ಬಂದದ್ದು. ಗುರುತು ಬಂತು, ಓದುವ ರೂಢಿ ಬರಲಿಲ್ಲ. ಬಿ.ಎಚ್.ಸಿ.ಯನ್ನು ಭಾರತ ಸರ್ಕಾರ ನಿಷೇಧಿಸಿದ್ದು 1997ರಲ್ಲಿ.

ನನ್ನ ಮಾತು 1981ರದು. ಬಿ.ಎಡ್. ಮುಗಿಸಿ ಮನೆಗೆ ಬಂದಿದ್ದೆ. ನೌಕರಿ ಇನ್ನೂ ಸಿಕ್ಕಿರಲಿಲ್ಲ. ಹೊಲದ ಮನೆಯಲ್ಲಿ ಮುಧೋಳ ಬೆರಕೆಯ ನಾಯಿಯೊಂದಿತ್ತು, ಹೆಸರು ಮೋತ್ಯಾ. ಬೆಳ್ಳಗೆ, ಎಲುಬು ಎಣಿಸುವಷ್ಟು ಸಪೂರ. ನಾನು ಸೈಕಲ್ ಮೇಲೆ ಬರುವುದನ್ನು ಹಳ್ಳದ ದಾರಿಯಲ್ಲಿಯೇ ಗುರುತಿಸಿ ಓಡಿಬರುತ್ತಿತ್ತು. ಆ ಶ್ರಾವಣದಲ್ಲಿ ಅದರ ಬಾಲದ ಬುಡದಲ್ಲಿ ಕೂದಲುದುರಿ ಚರ್ಮ ಕೆಂಪಾಗಿತ್ತು. ರಾತ್ರಿಯೆಲ್ಲ ಕಚ್ಚಿಕೊಳ್ಳುತ್ತಿತ್ತು. ಮನೆಯಲ್ಲಿ ಓದಿದವನೆಂದರೆ ನಾನೊಬ್ಬ. ಗೋದಾಮಿನಿಂದ ಬಿ.ಎಚ್.ಸಿ. ಪುಡಿ ತಂದು, ಮೈಗೆ ಹತ್ತಿ ನಿಲ್ಲಲೆಂದು ಶೇಂಗಾ ಎಣ್ಣೆಯಲ್ಲಿ ಕಲಸಿ, ಕುತ್ತಿಗೆಯಿಂದ ಬಾಲದವರೆಗೆ ತಿಕ್ಕಿದೆ. ಎಣ್ಣೆಯಲ್ಲಿ ಆ ವಿಷ ಕರಗಿ ಚರ್ಮದೊಳಗೆ ಇನ್ನೂ ಬೇಗ ಇಳಿಯುತ್ತದೆಂದು ಗೊತ್ತಿರಲಿಲ್ಲ. ಬಡಕಲು ಪ್ರಾಣಿಗಳಿಗೆ ಅದರ ಬಾಧೆ ಹೆಚ್ಚೆಂದು ಗೊತ್ತಿರಲಿಲ್ಲ. ಶೇಂಗಾ ಎಣ್ಣೆಯ ರುಚಿಗೆ ನಾಯಿ ಮೈ ನೆಕ್ಕುತ್ತದೆಂಬುದಾದರೂ ಗೊತ್ತಾಗಬೇಕಿತ್ತು. ಸಂಜೆಗೆ ಅದರ ತುಟಿ ಅದುರತೊಡಗಿತು. ಕತ್ತಲಾಗುವ ಹೊತ್ತಿಗೆ ನಾಲ್ಕೂ ಕಾಲು ಸೆಟೆದು ಒದ್ದಾಡಿತು. ಬೆಳಗಿನ ಜಾವ ಸತ್ತಿತು.

ಅಪ್ಪ ನನ್ನನ್ನು ಬೈಯಲಿಲ್ಲ. ಹಳ್ಳದ ದಂಡೆಯಲ್ಲಿ ಕುಣಿ ತೋಡಿ ಮಣ್ಣು ಮುಚ್ಚಿದ ಮೇಲೆ ಸಲಿಕೆ ಒರಸುತ್ತ ಒಂದೇ ಮಾತು ಕೇಳಿದರು: "ಆ ಚೀಲದ ಮ್ಯಾಲ ಏನ ಬರದಿತ್ತೋ ಮಾಸ್ತರ, ಓದಿದ್ಯಾ?" ಅವರು ಓದು ಬಾರದವರು. ನಾನು ಓದಿರಲಿಲ್ಲ.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಅವನ ಕಬ್ಬಿನ ಡಬ್ಬಿಯಲ್ಲಿದ್ದದ್ದು ಫಿಪ್ರೊನಿಲ್. 1980ರ ದಶಕದಲ್ಲಿ ಒಂದು ಫ್ರೆಂಚ್ ಕಂಪನಿಯಲ್ಲಿ ಹುಟ್ಟಿದ ಈ ಔಷಧ 1990ರ ದಶಕದಲ್ಲಿ ಹೊಲಕ್ಕೂ ನಾಯಿಗೂ ಒಟ್ಟಿಗೇ ಬಂತು. ಹೆಸರು ಒಂದೇ ಎಂದು ಅವನು ಹೇಳಿದ್ದು ಸುಳ್ಳಲ್ಲ. ಆದರೆ ಹೊಲದ ಡಬ್ಬಿಯಲ್ಲಿ ಅದು ಸಾಮಾನ್ಯವಾಗಿ ಶೇ. 5ರಷ್ಟಿದ್ದು, ಗಿಡಕ್ಕೂ ಮಣ್ಣಿಗೂ ಹೊಂದುವ ಬೇರೆ ಪದಾರ್ಥಗಳೊಡನೆ ಬೆರೆತಿರುತ್ತದೆ. ಆ ಪದಾರ್ಥಗಳನ್ನು ಪ್ರಾಣಿಯ ಚರ್ಮದ ಮೇಲೆ ಯಾರೂ ಪರೀಕ್ಷಿಸಿರುವುದಿಲ್ಲ. ನಾಯಿಯ ಮೈಗೆ ಸಿಂಪಡಿಸುವ ದ್ರಾವಣದಲ್ಲಿ ಇರುವುದು ಶೇ. 0.25 ಮಾತ್ರ. ಹೆಗಲುಗಳ ನಡುವೆ ಹನಿಸುವ ಪುಟ್ಟ ಕೊಳವೆಯಲ್ಲಿ ಶೇ. 10ರ ಸುಮಾರಿಗೆ ಇದ್ದರೂ, ಹತ್ತು ಕಿಲೋದೊಳಗಿನ ನಾಯಿಗೆ ಅದು 0.67 ಮಿಲಿಲೀಟರ್, ಹತ್ತರಿಂದ ಇಪ್ಪತ್ತು ಕಿಲೋದ್ದಕ್ಕೆ 1.34, ಇಪ್ಪತ್ತರಿಂದ ನಲವತ್ತು ಕಿಲೋದ್ದಕ್ಕೆ 2.68. ಹನಿಯ ಲೆಕ್ಕ ಇಷ್ಟು ಬಿಗಿಯಾಗಿರುವಲ್ಲಿ "ಒಂದು ಮುಚ್ಚಳ" ಎಂಬ ಅಳತೆಗೆ ಅರ್ಥವೇ ಇಲ್ಲ. ಆದ್ದರಿಂದ ಅವನಿಗೆ ನಾನು ಮೊದಲು ಕೇಳಿದ್ದು ನಾಯಿಯ ತೂಕವನ್ನು. ಅವನಿಗೆ ಗೊತ್ತಿರಲಿಲ್ಲ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಳಿಕ ತನ್ನ ತೂಕ ಕಳೆಯುವಂತೆ ಹೇಳಿದೆ. ಗಣಿತದ ಮಾಸ್ತರರು ಕೇಳಿದ್ದರೆ ಸಂತೋಷಪಡುತ್ತಿದ್ದರು.

ಎರಡನೆಯದಾಗಿ, ಮನೆಯಲ್ಲಿ ಬೆಕ್ಕಿದೆಯೇ ಎಂದು ಕೇಳಿದೆ. ಇತ್ತು. ನಾಯಿಗಾಗಿ ಮಾರುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಸೇವಂತಿಗೆಯ ಜಾತಿಯ ಒಂದು ಹೂವಿನಲ್ಲಿರುವ ಕೀಟನಾಶಕವನ್ನು ಅನುಸರಿಸಿ 1973ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್ ಮತ್ತು ಸಂಗಡಿಗರು ತಯಾರಿಸಿದ ಪದಾರ್ಥವಿದು. ನಾಯಿ ಅದನ್ನು ಅರಗಿಸಿಕೊಳ್ಳುತ್ತದೆ. ಬೆಕ್ಕಿನ ಯಕೃತ್ತಿಗೆ ಅದನ್ನು ಮುರಿದು ಹೊರಹಾಕುವ ಶಕ್ತಿ ಸಾಲದು. ಔಷಧ ಹಾಕಿದ ನಾಯಿಯ ಮಗ್ಗುಲಲ್ಲಿ ಮಲಗಿದ ಬೆಕ್ಕೂ ನಡುಕ ಬಂದು ಸಾಯಬಹುದು. ಮೊಲ ಸಾಕಿದವರು ಫಿಪ್ರೊನಿಲ್ ಬಳಿ ಹೋಗಲೇಬಾರದು, ಮೊಲಕ್ಕೆ ಅದು ಮಾರಕ.

ಮೂರನೆಯದಾಗಿ, ಅದು ಚಿಗಟವೇ, ಉಣ್ಣಿಯೇ ಎಂದು ಕೇಳಿದೆ. ನಮ್ಮಲ್ಲಿ ಎರಡನ್ನೂ ಒಂದೇ ಮಾಡಿ ಮಾತನಾಡುತ್ತಾರೆ. ಚಿಗಟ ಜಿಗಿಯುತ್ತದೆ, ಉಣ್ಣಿ ಕಚ್ಚಿಕೊಂಡು ಊದುತ್ತದೆ. ಗುರುತು ಸಿಗದಿದ್ದರೆ ನಾಯಿಯ ಕೂದಲನ್ನು ಹೇನಿನ ಹಣಿಗೆಯಿಂದ ಬಾಚಿ, ಉದುರಿದ ಕರಿ ಕಣಗಳನ್ನು ಒದ್ದೆಯ ಬಿಳಿ ಬಟ್ಟೆಯ ಮೇಲಿಟ್ಟು ನೋಡಬೇಕು. ಕಣದ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ನಾಯಿಯದೇ ರಕ್ತ. ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, ಉಣ್ಣಿಗೂ ಕಜ್ಜಿಗೂ ಬಳಸುವ ಅಮಿಟ್ರಾಜ್ ಚಿಗಟಕ್ಕೆ ನಾಟುವುದಿಲ್ಲ. ಊರ ಜನ ಬೇಡುವ "ಸೂಜಿ"ಯೂ ಹಾಗೆಯೇ. ಅದು ಐವರ್ಮೆಕ್ಟಿನ್, 2015ರಲ್ಲಿ ಒಮುರಾ ಮತ್ತು ಕ್ಯಾಂಬೆಲ್ ಅವರಿಗೆ ನೊಬೆಲ್ ತಂದುಕೊಟ್ಟ ದೊಡ್ಡ ಔಷಧವೇ ಸರಿ, ಆದರೆ ಚಿಗಟದ ಮದ್ದಲ್ಲ. ಕೆಲವು ತಳಿಯ ನಾಯಿಗಳ ಮಿದುಳಿಗೆ ಅಪಾಯಕಾರಿ ಕೂಡ. ಉಣ್ಣಿಯನ್ನು ಮಾತ್ರ ಅಲಕ್ಷಿಸಬಾರದು, ನಾಯಿಯ ರಕ್ತವನ್ನು ಕೆಡಿಸುವ ಜ್ವರಗಳು ಅದರಿಂದ ಬರುತ್ತವೆ. ಚಿಗಟದಿಂದ ಬರುವುದು ಲಾಡಿಹುಳ: ತುರಿಕೆಗೆ ಕಚ್ಚಿಕೊಳ್ಳುವಾಗ ನಾಯಿ ಚಿಗಟವನ್ನು ನುಂಗುತ್ತದೆ, ಅದರೊಳಗಿನ ಹುಳ ಹೊಟ್ಟೆ ಸೇರುತ್ತದೆ. ಆದ್ದರಿಂದ ಜಂತುಹುಳದ ಮಾತ್ರೆಯನ್ನೂ ವೈದ್ಯರಲ್ಲಿ ವಿಚಾರಿಸಬೇಕು.

ಈಗ ಬಾಯಿಗೆ ಹಾಕುವ ಮಾತ್ರೆಗಳೂ ಬಂದಿವೆ. 2013-14ರಿಂದೀಚೆಗೆ ಬಂದ ಅಫೊಕ್ಸೊಲೇನರ್ ಒಂದು ತಿಂಗಳು, ಫ್ಲುರಾಲೇನರ್ ಸುಮಾರು ಹನ್ನೆರಡು ವಾರ ಕೆಲಸ ಮಾಡುತ್ತವೆ. ಮೈಗೆ ಏನೂ ಹಚ್ಚುವುದಿಲ್ಲವಾದ್ದರಿಂದ ಮಕ್ಕಳು, ಬೆಕ್ಕು ಇರುವ ಮನೆಗೆ ಇವು ಒಳ್ಳೆಯವೆಂದು ನನ್ನ ಅಭಿಪ್ರಾಯ. ಬೆಲೆ ಹೆಚ್ಚು. ಫಿಟ್ಸ್ ಬರುವ ನಾಯಿಗಳ ವಿಷಯದಲ್ಲಿ ಎಚ್ಚರವಿರಲೆಂದು 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸೂಚನೆ ಕೊಟ್ಟಿದೆ, ಅಂಥ ನಾಯಿ ಇದ್ದವರು ವೈದ್ಯರಿಗೆ ಮೊದಲೇ ಹೇಳಬೇಕು. ಎರಡು ತಿಂಗಳೊಳಗಿನ ಮರಿಗೆ ನಾವಾಗಿ ಯಾವ ಔಷಧವನ್ನೂ ಹಾಕದೆ, ಹಣಿಗೆಯಿಂದ ಬಾಚಿ ಸಾಬೂನಿನ ನೀರಿಗೆ ಅದ್ದುವುದೇ ಕ್ಷೇಮ. ಸಾಬೂನಿನ ನೀರಿನಲ್ಲಿ ಚಿಗಟ ಮುಳುಗಿ ಸಾಯುತ್ತದೆ, ಬರಿಯ ನೀರಿನಲ್ಲಿ ತೇಲಿ ಮತ್ತೆ ಜಿಗಿಯುತ್ತದೆ.

ಹನಿ ಔಷಧವನ್ನು ಆರಿಸಿಕೊಂಡರೆ ಹಿಂದಿನ ಮತ್ತು ಮುಂದಿನ ಎರಡು ದಿನ ಸ್ನಾನ ಬೇಡ. ಅದು ಚರ್ಮದ ಜಿಡ್ಡಿನ ಮೂಲಕ ಮೈಯೆಲ್ಲ ಹರಡುವಂಥದು. ಸಾಬೂನು ಆ ಜಿಡ್ಡನ್ನು ತೊಳೆದುಬಿಡುತ್ತದೆ. ಔಷಧ ಹಾಕಿದ ಎರಡನೆಯ ವಾರದಲ್ಲಿಯೂ ಚಿಗಟ ಕಂಡರೆ "ಔಷಧ ಖೊಟ್ಟಿ" ಎಂದು ಬಹಳ ಜನ ಬೈಯುತ್ತಾರೆ. ಅವು ನೆಲದ ಗೂಡಿನಿಂದ ಹೊಸದಾಗಿ ಎದ್ದವು, ನಮ್ಮ ಆಯಿಯ ಕಾಲಿಗೆ ಹತ್ತಿದಂಥವು. ಮೂರು ತಿಂಗಳು ಬಿಡದೆ ಔಷಧ ಮುಂದುವರಿಸಿ, ನಾಯಿಯ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ತೊಳೆದು ಕಡುಬಿಸಿಲಿಗೆ ಹಾಕಿ, ಅದು ಮಲಗುವ ಮೂಲೆ, ಕಟ್ಟೆಯ ಸಂದು, ಹಾಸಿಗೆಯ ಕೆಳಗಿನ ಧೂಳನ್ನು ದಿನವೂ ಗುಡಿಸಿ ಹೊರಗೆ ಸುಟ್ಟರೆ ಅವುಗಳ ವಂಶ ಮುಗಿಯುತ್ತದೆ. ಮನೆಯಲ್ಲಿರುವ ಎಲ್ಲ ನಾಯಿ ಬೆಕ್ಕುಗಳಿಗೂ ಅದೇ ದಿನ, ಆದರೆ ಅವವುಗಳ ಔಷಧ.

ಇದನ್ನೆಲ್ಲ ನಾನು ದೂರವಾಣಿಯಲ್ಲಿ ಪಾಠದಂತೆ ಹೇಳಿದೆ. ಅವನು ಬರೆದುಕೊಂಡನಂತೆ. ತರಗತಿಯಲ್ಲಿ ಎಂದೂ ಟಿಪ್ಪಣಿ ಬರೆಯದಿದ್ದ ಹುಡುಗ! ಮರುದಿನ ನಾಯಿಯನ್ನು ಪಶು ಆಸ್ಪತ್ರೆಗೆ ಒಯ್ದು ತೋರಿಸಿದ. ತೂಕ ಹದಿನಾಲ್ಕು ಕಿಲೋ. ದೀಪಾವಳಿಗೆ ಮನೆಗೆ ಬಂದಾಗ ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದ. ಬಾಲದ ಬುಡದಲ್ಲಿ ಕೂದಲು ಮತ್ತೆ ಬಂದಿತ್ತು.

"ನಿಮಗ ಇಷ್ಟೆಲ್ಲಾ ಹೆಂಗ ಗೊತ್ರಿ ಸರ್? ನಿಮ್ಮ ಮನ್ಯಾಗ ನಾಯಿ ಇದ್ದದ್ದು ನಾ ಎಂದೂ ನೋಡಿಲ್ಲ" ಎಂದ.

"ಇತ್ತು. ನೀ ಹುಟ್ಟೂಕಿಂತ ಮೊದಲ" ಎಂದೆ.